ಅಮ್ಮನ ಫೋಟೊ ಇದ್ದ ಪುಟ

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟ. ಚಿಕ್ಕಂದಿನಲ್ಲಿ ಮೀನು ತುಂಡು ಮಾಡುವಾಗ ಕತ್ತಿ ತಾಗಿದ ಗುರುತು. ಆ ಒಂದೇ ಬೆರಳಿನಿಂದ ಅವರು ಕೀಲಿಮಣೆ ಕುಟ್ಟುವ ಸದ್ದು ಪಕ್ಕದ ಭೌತಶಾಸ್ತ್ರ ವಿಭಾಗದಲ್ಲಿದ್ದ ನನಗೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಕಲಿಸುತ್ತಿದ್ದದ್ದು ಕಡಲಜೀವಿಗಳ ಶಾಸ್ತ್ರ. ಹುಟ್ಟಿದ್ದು ಕುದ್ರೋಳಿಯ ಮೀನುಗಾರರ ಮನೆಯಲ್ಲಿ. ನಮಗೆಲ್ಲ ಅವರು ಮೀನಿನ ಮೇಡಂ. ಆ ಹೆಸರು ಅವರಿಗೆ ಇಷ್ಟವೇ ಇತ್ತು.

ನನ್ನದು ಬೋರ್ಡಿಂಗ್ ಶಾಲೆಯ ಗಂಟೆ ತಿದ್ದಿದ ಬದುಕು. ಎದ್ದ ಹಾಸಿಗೆ ಮಡಚಬೇಕು, ತೆರೆದ ಕಪಾಟು ಮುಚ್ಚಬೇಕು. ವಿಶ್ವವಿದ್ಯಾಲಯದ ಸರ್ವರಿನಲ್ಲಿ ಅಧ್ಯಾಪಕರಿಗೆ ಸ್ವಂತ ಪುಟಕ್ಕೆಂದು ಜಾಗ ಕೊಟ್ಟಾಗ ನಾನೂ ಒಂದು ಪುಟ ಬರೆದೆ. ಬರೆದು ಮುಗಿಸಿ, ರೂಢಿಯಂತೆ, ಆ ಫೋಲ್ಡರನ್ನು ನನ್ನ ಹೊರತು ಯಾರೂ ತೆರೆಯದಂತೆ ಭದ್ರಮಾಡಿದೆ. ವಿದ್ಯಾರ್ಥಿಗಳಿಗೆ ಕಂಡದ್ದು ‘ಪ್ರವೇಶವಿಲ್ಲ’ ಎಂಬ ಸೂಚನೆ ಮಾತ್ರ. ಮೇಡಂ ಬಂದು ನೋಡಿ ನಕ್ಕರು.

“ಎಂತ ಮಾರಾಯ್ರೆ, ಊಟಕ್ಕೆ ಕರೆದು ಬಾಗಿಲಿಗೆ ಬೀಗ ಹಾಕಿದ್ದೀರಲ್ಲ!”

“ಯಾರಾದರೂ ಬಂದು ತಿದ್ದಿದರೆ?”

“ಓದ್ಲಿಕ್ಕೆ ಎಲ್ಲರಿಗೂ ಬಿಡಿ, ತಿದ್ಲಿಕ್ಕೆ ನಿಮಗೊಬ್ಬರಿಗೇ ಇಟ್ಕೊಳ್ಳಿ. ಚಾವಡಿಯಲ್ಲಿ ಯಾರು ಬೇಕಾದ್ರೂ ಕೂತ್ಕೊಳ್ಬಹುದು, ಅಡುಗೆಮನೆಗೆ ನುಗ್ಲಿಕ್ಕಿಲ್ಲ. ಅಷ್ಟೇ ಉಂಟು.”

ಅವರ ಪುಟದಲ್ಲಿ ಅಲಂಕಾರವಿರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ. ಮೀನುಗಳ ಶಾಸ್ತ್ರದ ಹೆಸರುಗಳ ಪಕ್ಕದಲ್ಲಿ ಬೂತಾಯಿ, ಬಂಗುಡೆ, ಕಾಣೆ ಎಂಬ ತುಳು ಹೆಸರುಗಳು. ಎಲ್ಲಕ್ಕಿಂತ ಮೇಲೆ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಅಮ್ಮನ ಫೋಟೊ; ಅದರ ಕೆಳಗೆ ‘ಈ ಹೆಸರುಗಳನ್ನು ನನಗೆ ಕಲಿಸಿದವರು’ ಎಂಬ ಸಾಲು.

ಕೆಲವು ವರ್ಷಗಳ ಬಳಿಕ ಹೊಸ ಸಮಿತಿ ಬಂತು. ಎಲ್ಲರ ಪುಟವೂ ಒಂದೇ ಅಚ್ಚಿನಲ್ಲಿರಬೇಕು, ಮನೆಯವರ ಚಿತ್ರ ಸಲ್ಲದು, ಒಪ್ಪದವರ ಪುಟವನ್ನು ತೆಗೆಯಲಾಗುವುದು ಎಂದಿತು. ಸಭೆಯಲ್ಲಿ ಅಧ್ಯಕ್ಷರು ಮೆಲ್ಲನೆ ಹೇಳಿದರು: “ಮೇಡಂ, ಆ ಬುಟ್ಟಿಯ ಫೋಟೊ ಒಂದು ತೆಗೀರಿ. ಹೊರದೇಶದವರು ನೋಡ್ತಾರೆ.”

“ನೋಡ್ಲಿ ಅಂತಲೇ ಹಾಕಿದ್ದು ಸರ್. ನಿಮ್ಮ ಪುಟದಲ್ಲಿ ನಿಮ್ಮ ಪಿಎಚ್.ಡಿ. ಗೈಡಿನ ಹೆಸರು ಉಂಟಲ್ಲ? ನನ್ನ ಗೈಡ್ ಇವರು.”

“ಹಾಗಾದರೆ ಪುಟ ಹೋಗ್ತದೆ.”

“ನಾನಂತೂ ತೆಗೆಯುವುದಿಲ್ಲ. ನೀವೇ ತೆಗೀರಿ. ಯಾಕೆ ಅಂತ ಬರೆದು ಕೊಡಿ.”

ಯಾರೂ ಬರೆದು ಕೊಡಲಿಲ್ಲ. ಪುಟ ಮಾತ್ರ ಮಾಯವಾಯಿತು.

ಮೇಡಂ ಅಳಲಿಲ್ಲ. ಆ ಪುಟವನ್ನು ತುಂಬಿಸಿಕೊಂಡ ಪೆನ್‌ಡ್ರೈವ್ ಹಿಡಿದು ನನ್ನ ಕೋಣೆಗೆ ಬಂದರು. “ಸರ್, ನಿಮ್ಮಲ್ಲಿ ಅಮ್ಮನಿಗೆ ಸ್ವಲ್ಪ ಜಾಗ ಉಂಟಾ? ಯೋಚನೆ ಮಾಡಿ ಹೇಳಿ. ನಿಮ್ಮ ಪುಟವೂ ಹೋಗಬಹುದು.”

ಯೋಚನೆ ಮಾಡುವಂಥದ್ದು ಏನಿತ್ತು? ಫೋಟೊ, ಮೀನಿನ ಹೆಸರು ಎಲ್ಲವನ್ನೂ ಅವರೆದುರೇ ನನ್ನ ಪುಟದಲ್ಲಿ ಹಾಕಿದೆ. ಅಧ್ಯಕ್ಷರ ಫೋನ್ ಬಂತು: “ಭೌತಶಾಸ್ತ್ರಕ್ಕೂ ಮೀನಿಗೂ ಎಂತ ಸಂಬಂಧ?”

“ಈಜುವುದು, ತೇಲುವುದು ಎಲ್ಲ ನಮ್ಮ ಪಾಠವೇ ಸರ್,” ಎಂದೆ.

ಅಷ್ಟರಲ್ಲಿ ಗಣಿತದವರೂ ಕನ್ನಡದವರೂ ತಮ್ಮ ತಮ್ಮ ಪುಟಗಳಲ್ಲಿ ಅದನ್ನು ಹಾಕಿಕೊಂಡಿದ್ದರು. ಅಷ್ಟೂ ಪುಟಗಳನ್ನು ಅಳಿಸುವ ಧೈರ್ಯ ಸಮಿತಿಗೆ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ನಿವೃತ್ತನಾಗಿ ಕೊಟ್ಟಾರದ ನನ್ನ ಮನೆಯಲ್ಲಿ ಕುಳಿತು ಈಗಲೂ ನಾನು ಬೆಳಗಿನ ಕಾಫಿ ಮುಗಿಸಿ ಮೊದಲು ನನ್ನ ಆ ಪುಟ ತೆರೆದು ನೋಡುತ್ತೇನೆ. ನಿವೃತ್ತರ ಪುಟಗಳನ್ನು ಇನ್ನು ತೆಗೆಯುತ್ತಾರಂತೆ. ಬರಲಿ, ಕಾರಣ ಬರೆದು ತರಲಿ. ಮೊನ್ನೆಯಷ್ಟೇ ಅಮ್ಮನ ಫೋಟೊದ ಪಕ್ಕದಲ್ಲಿ ಮಗಳ, ನಮ್ಮ ಮೀನಿನ ಮೇಡಂ ಅವರ, ಫೋಟೊವನ್ನೂ ಹಾಕಿದ್ದೇನೆ.