ಬಸ್ತರಿನ ಚಿಕ್ಕ ಕಲ್ಲು

ಮೊನ್ನೆ ನೊಣವಿನಕೆರೆಯಿಂದ ಬರುತ್ತಾ ದಾರಿಯಲ್ಲಿ ಬೈಕ್ ನಿಲ್ಲಿಸಿದೆ. ಕಾಲಡಿ ಹಿಪ್ಪೆ ಹೂಗಳು ಉದುರಿದ್ದವು. ಬಿಸಿಲಿಗೆ ಬಾಡಿದ ಆ ಹೂವಿನ ಹುಳಿ ಬೆರೆತ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೈಕಲ್ ಅಂಗಡಿ ಮಾವ ನೆನಪಾದರು. ಬಸ್ತರಿನ ಆ ಮಧ್ಯಾಹ್ನವೂ ಇದೇ ವಾಸನೆಯಿತ್ತು...

ಮಾವ ಎಂದರೆ ನೆಂಟರಲ್ಲ, ಶೆಟ್ಟಿಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ಒಂದಿಷ್ಟು ತೆಂಗಿನ ತೋಟ, ರಸ್ತೆ ಬದಿಗೆ ಸೈಕಲ್ ರಿಪೇರಿ ಅಂಗಡಿ. ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಅವರ ಅಣ್ಣ ಹರೆಯದಲ್ಲೇ ಊರು ಬಿಟ್ಟವನು ತಿರುಗಿ ಬಂದಿರಲಿಲ್ಲ. ಹನ್ನೆರಡು ವರ್ಷ ಕಾದ ಮನೆಯವರು ಅವನ ತಿಥಿ ಮಾಡಿ ಮುಗಿಸಿದ್ದರು. ಯಾಕೆ ಹೋದ ಎಂಬುದನ್ನು ಮಾವ ಯಾರಿಗೂ ಹೇಳಿರಲಿಲ್ಲ.

ನಾನಾಗ ತುರುವೇಕೆರೆಯಲ್ಲಿ ಇತಿಹಾಸದ ಮೇಷ್ಟ್ರು. ಎಂಟು ವರ್ಷದ ಹಿಂದೆ ರಜೆಯಲ್ಲಿ ಛತ್ತೀಸಗಢಕ್ಕೆ ಹೊರಟೆ. ಬಸ್ತರಿನ ಗೊಂಡರು ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುತ್ತಾರೆ. ನಮ್ಮ ವೀರಗಲ್ಲುಗಳನ್ನು ನೋಡಿ ಬೆಳೆದ ನನಗೆ ಅವನ್ನೊಮ್ಮೆ ಕಾಣುವ ಆಸೆ. ಸುದ್ದಿ ಕೇಳಿ ಮಾವ ನಮ್ಮ ಜಗುಲಿಗೆ ಬಂದು ಕುಳಿತರು.

“ನಾನೂ ಬತ್ತೀನಿ ಕಣಪ್ಪ. ತಿಪಟೂರಿಂದ ಕೊಬ್ಬರಿ ಲೋಡ್ ತಗಂಡು ಹೋಗೋ ಡ್ರೈವರೊಬ್ಬ, ನಮ್ಮಣ್ಣನಂಗಿರೋನ್ನ ಆ ಕಡೆ ಸಂತೇಲಿ ಕಂಡೆ ಅಂದಿದ್ದ. ಬಾಳ ವರ್ಷ ಆಯ್ತು. ಆ ಊರಿನ ಹೆಸ್ರು ಮಾತ್ರ ಮರ್ತಿಲ್ಲ.”

ಚಿತ್ರಕೋಟೆಯ ಜಲಪಾತ ನೋಡಿದೆವು, ಬಾರಸೂರಿನ ಹಳೆಯ ಗುಡಿಗಳನ್ನು ಸುತ್ತಿದೆವು. ಮಾವನಿಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಮೂರನೆಯ ದಿನ, ಅಲ್ಲಿಯವನೇ ಆದ ಗೈಡ್ ಹುಡುಗನೊಡನೆ ಆ ಊರಿನ ಸಂತೆಗೆ ಹೋದೆವು.

ನೆತ್ತಿಯಿಂದ ತುಸು ಇಳಿದ ಸೂರ್ಯ. ಹಿಪ್ಪೆ ಹೂವು, ಹುಣಸೆ, ಬಿದಿರ ಬುಟ್ಟಿಗಳ ನಡುವೆ ಗದ್ದಲವೋ ಗದ್ದಲ. ನಾವು ನಡೆದ ಹಾಗೆಲ್ಲ ಆ ಗದ್ದಲ ಒಂದೊಂದೇ ಸಾಲಿನಲ್ಲಿ ನಿಲ್ಲುತ್ತಾ ಬಂತು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮಾವನ ಮುಖದ ಮೇಲೆ. ಒಬ್ಬಾಕೆ ಮಗುವಿನ ಕಣ್ಣು ಮುಚ್ಚಿದಳು. ಮುದುಕನೊಬ್ಬ ಬಗ್ಗಿ ಮಾವನ ನೆರಳನ್ನು ಬೆರಳಿಂದ ಮುಟ್ಟಿ ನೋಡಿ, ಸರಕ್ಕನೆ ಕೈ ಹಿಂದೆಗೆದ.

ಗೈಡ್ ಯಾರನ್ನೋ ಕೇಳಿ ಬಂದು ನನ್ನ ಕಿವಿಯಲ್ಲಿ ಹಿಂದಿಯಲ್ಲಿ ಪಿಸುಗುಟ್ಟಿದ: “ಸಾರ್, ಇವರು ಎರಡು ವರ್ಷದ ಹಿಂದೆ ಸತ್ತರು ಅಂತಿದ್ದಾರೆ.”

ಊರಿನವರೇ ದಾರಿ ಬಿಟ್ಟು ಮುಂದೆ ನಡೆದರು. ಹಿಂದೆ ಮಕ್ಕಳು, ಮಾವನ ನೆರಳು ತುಳಿಯದಷ್ಟು ದೂರದಲ್ಲಿ. ಊರಾಚೆ ದೊಡ್ಡ ಹಿಪ್ಪೆ ಮರದ ಕೆಳಗೆ ಎರಡು ಕಲ್ಲುಗಳಿದ್ದವು. ದೊಡ್ಡದರ ಮೇಲೆ ಕೆತ್ತಿದ್ದು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿರುವ ಒಬ್ಬ ಮನುಷ್ಯ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ನಮ್ಮೂರಲ್ಲಿ ಎಲ್ಲರೂ ನೋಡುವುದು ಹಾಗೆಯೇ. ಮಾವ ಆ ಕಲ್ಲನ್ನು ತಬ್ಬಿಕೊಂಡರು.

ಚಿಕ್ಕ ಕಲ್ಲು ತುಂಬಾ ಹಳೆಯದು, ಬುಡಕ್ಕೆ ಪಾಚಿ ಹತ್ತಿತ್ತು. ಅದರ ಮೇಲೊಂದು ಬಾವಿ, ಬಾವಿಯೊಳಗೆ ತಲೆಕೆಳಗಾಗಿ ಬೀಳುತ್ತಿರುವ ಹುಡುಗ. ಕೆಳಗೆ ಸೊಟ್ಟಸೊಟ್ಟಗೆ ಕೊರೆದ ಕನ್ನಡ ಅಕ್ಷರಗಳು. ನಾನು ಕೂಡಿಸಿಕೊಂಡು ಓದಿದೆ. ಅದು ಮಾವನ ಹೆಸರು.

ಅಷ್ಟರಲ್ಲಿ ಒಬ್ಬ ಮುದುಕಿಯನ್ನು, ಸತ್ತವನ ಹೆಂಡತಿಯಂತೆ, ಕೈಹಿಡಿದು ಕರೆತಂದರು. ಆಕೆ ದೂರದಲ್ಲೇ ನಿಂತು ಕೇಳಿದ್ದನ್ನು ಗೈಡ್ ತಿಳಿಸಿದ: ನಿನ್ನನ್ನು ಸರಿಯಾಗಿಯೇ ಕಳಿಸಿಕೊಟ್ಟೆವಲ್ಲ, ಮತ್ತೆ ಯಾಕೆ ಬಂದೆ?

“ಅವನಲ್ಲ ಕಣವ್ವ, ಅವನ ತಮ್ಮ ನಾನು,” ಎಂದು ಮಾವ ಕನ್ನಡದಲ್ಲೇ ಹೇಳಿ, ಚಿಕ್ಕ ಕಲ್ಲನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡರು. ಗೈಡ್ ಬಾಯಿ ತೆರೆಯುವ ಮೊದಲೇ ಆಕೆಗೆ ಅರ್ಥವಾಗಿತ್ತು. ಮರದ ಬುಡದಲ್ಲಿ ಕುಳಿತು ಹೇಳತೊಡಗಿದಳು. ಅವಳ ಗಂಡ ಕೊನೆಯವರೆಗೂ ಬಾವಿಯ ಹತ್ತಿರ ಸುಳಿಯಲಿಲ್ಲವಂತೆ. ವರ್ಷಕ್ಕೊಂದು ದಿನ ಉಪವಾಸವಿದ್ದು ಆ ಚಿಕ್ಕ ಕಲ್ಲಿಗೆ ಎಡೆ ಇಡುತ್ತಿದ್ದನಂತೆ.

“ತೋಟದ ಬಾವಿತಾವ ಜಗಳ ಆಯ್ತು,” ಎಂದರು ಮಾವ, ನನ್ನತ್ತ ನೋಡದೆ. “ಮೊದ್ಲು ಕೈ ಎತ್ತಿದ್ದು ನಾನೇ. ಅವನು ತಳ್ದ. ಪಕ್ಕದ ತೋಟದೋರು ನನ್ನ ಮೇಲಕ್ಕೆತ್ತೋಷ್ಟರಲ್ಲಿ ಅವನಿರ್ಲಿಲ್ಲ. ಕಾಲು ಜಾರ್ತು ಅಂದೆ ಎಲ್ರಿಗೂ. ಕೊಂದೇಬುಟ್ಟೆ ಅನ್ಕಂಡು ಓಡವ್ನೆ ಕಣಪ್ಪ... ನಲವತ್ತು ವರ್ಷ.”

ಹೊರಡುವಾಗ ಮುದುಕಿ, ಚಿಕ್ಕ ಕಲ್ಲನ್ನು ಕಿತ್ತು ಹಾಕಿಸಲೇ ಎಂದು ಕೇಳಿದಳು. “ಇರ್ಲಿ ಬುಡವ್ವ. ನಮ್ಮಣ್ಣ ನಿಲ್ಸಿದ್ದು,” ಎಂದು ಮಾವ ಆಕೆಯ ಕಾಲಿಗೆ ಬಿದ್ದರು.

ಊರಿಗೆ ಬಂದ ಮೇಲೆ ಮಾವ ಮೊದಲಿನಂತೆಯೇ ಅಂಗಡಿ ತೆರೆದರು, ಪಂಕ್ಚರ್ ಹಾಕಿದರು. ಆದರೆ ಯಾರಾದರೂ ಹೆಸರು ಹಿಡಿದು ಕೂಗಿದರೆ ತಕ್ಷಣ ಓಗೊಡುತ್ತಿರಲಿಲ್ಲ. ಕರೆದದ್ದು ತನ್ನನ್ನೇ ಹೌದೋ ಅಲ್ಲವೋ ಎಂಬಂತೆ ತುಸು ಹೊತ್ತು ಸುಮ್ಮನಿದ್ದು ತಿರುಗುತ್ತಿದ್ದರು. ನಾನು ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದೆ...

ಹೋದ ಕಾರ್ತೀಕದಲ್ಲಿ ಮಾವ ತೀರಿಕೊಂಡರು. ಬಸ್ತರಿಗೆ ತಿಳಿಸಲು ನನಗೆ ಮನಸ್ಸಾಗಲಿಲ್ಲ. ಹೋದ ವಾರ ಆ ಗೈಡೇ ಫೋನ್ ಮಾಡಿದ. ನಾವು ಹೋಗಿ ಬಂದಾಗಿನಿಂದ ಮುದುಕಿ ಚಿಕ್ಕ ಕಲ್ಲಿಗೆ ಎಡೆ ಇಡುವುದನ್ನು ಬಿಟ್ಟಿದ್ದಳಂತೆ. ಬದುಕಿರುವವನಿಗೆ ಇಡಬಾರದಲ್ಲ.

“ಈ ವರ್ಷ ಇಡಬೇಕೋ ಏನೋ, ಕೇಳು ಅಂದಳು ಸಾರ್.”

ಬಾಗಿಲು ಮುಚ್ಚಿದ ಸೈಕಲ್ ಅಂಗಡಿಯತ್ತ ನೋಡಿದೆ. ಆಮೇಲೆ, ಇಡಲಿ ಎಂದೆ.