ಅಂಗಳದೊಳಗಿನ ಸಿಂಧನೂರು ರಸ್ತೆ

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ದುರುಗಪ್ಪ ಗೊತ್ತಿಲ್ಲದವರು ಕಡಿಮೆ. ಅಮರಗುಂಡಪ್ಪ ಸಾಹುಕಾರರ, ಜನ ಸಾಗಿಸುವ ನೀಲಿ ಮೆಟಡೋರನ್ನು ಅವನು ಹನ್ನೊಂದು ವರ್ಷ ಓಡಿಸಿದ್ದ. ಬೆಳಿಗ್ಗೆ ಲಿಂಗಸುಗೂರು, ಮಧ್ಯಾಹ್ನ ಸಿಂಧನೂರು, ಹೊತ್ತು ಮುಳುಗುವುದರೊಳಗೆ ಮತ್ತೆ ಮಸ್ಕಿ. ಕೂತಲ್ಲಿ ಕೂರುವ ಆಳಲ್ಲ. ಗಾಡಿ ನಿಂತಿದ್ದಾಗಲೂ ಟೈರು ಒದೆಯುತ್ತ, ಗಾಜು ಒರೆಸುತ್ತ ಸುತ್ತುತ್ತಿದ್ದ.

೧೯೯೧ರ ಬೇಸಿಗೆಯಲ್ಲಿ ಸಿಂಧನೂರಿನಲ್ಲಿ ಗಾಡಿಯ ಮೇಲೇರಿ ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಹರಿಯಿತು. ದುರುಗಪ್ಪ ಹಿಂದಕ್ಕೆ ಬಿದ್ದ. ತಲೆ ಕಲ್ಲಿಗೆ ಬಡಿಯಿತು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಹತ್ತನೆಯ ದಿನ ಕಣ್ಣು ಬಿಟ್ಟು, ಹೆಂಡತಿ ಕರೆಮ್ಮನನ್ನು ಗುರುತಿಸಿ, "ಗಾಡಿ ಯಾರ ಹಂತ್ಯಾಕ ಐತಿ?" ಎಂದು ಕೇಳಿದ. ಕರೆಮ್ಮ ಅತ್ತಳು. ಗಂಡ ಉಳಿದ, ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡಳು.

ಸರಿಯಿಲ್ಲ ಅನ್ನುವುದು ಅವಳಿಗೆ ಮೊದಲು ಗೊತ್ತಾದದ್ದು ರೊಟ್ಟಿಯಿಂದ. ದುರುಗಪ್ಪ ತಟ್ಟೆಯ ಬಲಗಡೆಯ ಅರ್ಧ ರೊಟ್ಟಿ ತಿಂದು, "ಇನ್ನೊಂದು ಹಾಕ್ ಬೇ, ಹಸಿವಾಗೈತಿ" ಅಂದ. ಎಡಗಡೆಯ ಅರ್ಧ ಪಲ್ಯದ ಜೊತೆ ಹಾಗೇ ಇತ್ತು. ಕರೆಮ್ಮ ತಟ್ಟೆಯನ್ನು ಸುಮ್ಮನೆ ತಿರುಗಿಸಿಟ್ಟಳು. ಅವನು ಅದನ್ನೇ ಹೊಸ ರೊಟ್ಟಿಯೆಂದು ತಿಂದ.

ಮರುದಿನ ಅವಳು ಇದನ್ನು ಡಾಕ್ಟರಮ್ಮನಿಗೆ ಹೇಳಿದಳು. ಇನ್ನೂ ಸಣ್ಣ ವಯಸ್ಸಿನ ಆಕೆ ದುರುಗಪ್ಪನ ಕೈಗೆ ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅವನು ದುಂಡಗೆ ಗೆರೆ ಎಳೆದು, ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನೆಲ್ಲ ಬಲಗಡೆಗೇ ತುರುಕಿದ. ಎಡಭಾಗ ಖಾಲಿ.

"ಕಣ್ಣಿಗೆ ಏನೂ ಆಗಿಲ್ಲಮ್ಮ," ಎಂದರು ಡಾಕ್ಟರಮ್ಮ. "ಕಣ್ಣು ನೋಡಿದ್ದನ್ನು ಮೆದುಳು ಲೆಕ್ಕಕ್ಕೆ ತಗೊಳ್ತಿಲ್ಲ. ಎಡಗಡೆ ಅಂತ ಒಂದಿದೆ ಅನ್ನೋದೇ ಅವರಿಗೆ ಮರೆತುಹೋಗಿದೆ."

"ಮತ್ತ ಬರಂಗಿಲ್ಲೇನ್ರಿ?"

"ಒಂದಷ್ಟು ಬರಬಹುದು. ತಾನಾಗಿ ಬರಲ್ಲ, ಕಲಿಸಬೇಕು. ದಿನಾ ಎಡಕ್ಕೆ ತಲೆ ತಿರುಗಿಸೋದು ರೂಢಿ ಮಾಡಿಸಿ. ಗಾಡಿ ಮಾತ್ರ ಮುಟ್ಟಿಸಬೇಡಿ." ಆಮೇಲೆ ಏನೋ ನೆನಪಾಗಿ ಹೇಳಿದರು, "ವಿಮಾನ ಓಡಿಸೋರಿಗೆ ಮೊದಲು ನೆಲದ ಮೇಲೇ ಸುಳ್ಳು ವಿಮಾನದಲ್ಲಿ ಕೂರಿಸಿ ಕಲಿಸ್ತಾರೆ. ಕಿಟಕಿ ತುಂಬ ಸುಳ್ಳು ಆಕಾಶ, ಸುಳ್ಳು ನೆಲ. ತಪ್ಪಿದರೂ ಯಾರೂ ಸಾಯಲ್ಲ. ಇಂಥವರಿಗೂ ಅಂಥದ್ದೊಂದು ಇದ್ದಿದ್ದರೆ ಚೆನ್ನಾಗಿತ್ತು. ನಮ್ಮಲ್ಲಿ ಇಲ್ಲ, ಏನ್ ಮಾಡೋದು."

ಮಸ್ಕಿಗೆ ಬಂದ ಮೇಲೆ ಮನೆಯಲ್ಲಿ ತಾಯಿಗೆ, ಹೆಂಡತಿಗೆ, ಮಕ್ಕಳಿಗೆ, ಯಾರಿಗೂ ನೆಮ್ಮದಿ ಇರಲಿಲ್ಲ. ದುರುಗಪ್ಪ ಬಾಗಿಲಿನಿಂದ ಬೇವಿನ ಗಿಡದವರೆಗೆ, ಗಿಡದಿಂದ ಬಾಗಿಲಿಗೆ ಇಡೀ ದಿನ ಓಡಾಡುತ್ತಿದ್ದ. ತಿರುಗುವಾಗಲೆಲ್ಲ ಬಲಕ್ಕೇ ತಿರುಗುತ್ತಿದ್ದ. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಸಾಕು, ಎದ್ದು ನಿಲ್ಲುತ್ತಿದ್ದ. "ಮೆಟಡೋರ್ ಸಪ್ಪಳ. ಖಾದರಬಾಷಾ ಕ್ಲಚ್ ಮ್ಯಾಲೇ ಕಾಲಿಟ್ಟು ಹೊಡ್ಯಾಕತ್ತಾನ, ಹಾಳ ಮಾಡ್ತಾನ ನನ್ ಗಾಡಿ" ಎಂದು ಚಡಪಡಿಸುತ್ತಿದ್ದ. ಖಾದರಬಾಷಾ ಅವನ ಕೈಕೆಳಗೇ ಕಲಿತವನು, ಈಗ ಅವನ ಸೀಟಿನಲ್ಲಿ ಕೂತಿದ್ದ.

ಒಮ್ಮೆ ಯಾರಿಗೂ ಹೇಳದೆ ಸ್ಟ್ಯಾಂಡಿಗೆ ಹೋದ. ಮಿರ್ಚಿ ಬಂಡಿಯ ಪಕ್ಕ ನಿಂತು ಮಾತಾಡುತ್ತಿದ್ದಾಗ ಅವನ ಎಡಗೈ ಕಾದ ಬಾಣಲೆಯ ಅಂಚಿಗೆ ತಾಗಿತ್ತು. ಚರ್ಮ ಸುಟ್ಟ ವಾಸನೆ ಬಂದು ಬಂಡಿಯವನು ಕೂಗಿದಾಗಲೇ ಅವನಿಗೆ ಗೊತ್ತಾದದ್ದು. ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದವನನ್ನು ನೋಡಿ ತಾಯಿ ಮುದುಕಮ್ಮ ಎದೆ ಬಡಿದುಕೊಂಡಳು.

"ಕಟ್ಟಿ ಹಾಕು ಅವನ್ನ, ಕರೆಮ್ಮ. ನನ್ ಕಣ್ಣಮುಂದ ಸತ್ತ ಹೋಗ್ತಾನ ಇಂವ."

"ಎಷ್ಟ ದಿನ ಕಟ್ಟಿ ಹಾಕ್ಲಿ, ಅತ್ತಿ?" ಎಂದಳು ಕರೆಮ್ಮ. ಅವಳಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಸ ಕೀಳುವ ಕೂಲಿಗೆ ಹೋದರೂ ಮನಸ್ಸು ಮನೆಯ ಕಡೆಗೇ. ಡಾಕ್ಟರಮ್ಮ ಹೇಳಿದ ಸುಳ್ಳು ವಿಮಾನ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಒಂದು ದಿನ ಅವಳು ಖಾದರಬಾಷಾನನ್ನು ತಡೆದು ನಿಲ್ಲಿಸಿ, ಸಿಂಧನೂರಿನ ಗುಜರಿಯಲ್ಲಿ ಹಳೆಯ ಸ್ಟೇರಿಂಗ್ ಸಿಕ್ಕರೆ ತರಲು ಹೇಳಿದಳು.

"ಯಾಕಕ್ಕ?"

"ನಿಮ್ಮ ಉಸ್ತಾದಗ ಗಾಡಿ ಮಾಡಾಕ."

ಅವನು ನಗಲಿಲ್ಲ. ಮೂರನೆಯ ದಿನ ಸ್ಟೇರಿಂಗ್ ತಂದು, ಅಂಗಳದಲ್ಲಿ ಗೂಟ ಹೂತು ಪೈಪಿಗೆ ಕೂರಿಸಿಕೊಟ್ಟ. ಹಿಂದೆ ಒಂದು ಕಟ್ಟಿಗೆ ಪೆಟ್ಟಿಗೆ ಸೀಟಾಯಿತು. ಗೇರ್ ಹಾಕಲು ಎಡಗಡೆ ಉಸುಕು ತುಂಬಿದ ಕೊಡದಲ್ಲಿ ಒಂದು ಬಡಿಗೆ ನಿಲ್ಲಿಸಿದರು. ಎಡಕ್ಕೆ ನಾಲ್ಕು ಮಾರು ದೂರದ ಕಂಬಕ್ಕೆ ಕರೆಮ್ಮ ಕೆಂಪು ಬಟ್ಟೆ ಕಟ್ಟಿದಳು.

ದುರುಗಪ್ಪ ಅದನ್ನು ನೋಡಿ ಸಿಟ್ಟಾದ. "ನನಗೇನ್ ಹುಚ್ಚ ಹಿಡದೈತೇನ್ ಬೇ? ಸಣ್ಣ ಹುಡುಗರ ಆಟ ಆಡ್ಲ್ಯಾ?"

"ಖರೇ ಗಾಡಿ ಯಾರೂ ಕೊಡಂಗಿಲ್ಲ. ಇದನ್ನರ ಹೊಡ್ರಿ. ಸಿಂಧನೂರಿಗೆ ಹೋಗೂನು, ಹತ್ರಿ."

ಸ್ವಲ್ಪ ಹೊತ್ತು ಸುತ್ತಮುತ್ತ ಅಡ್ಡಾಡಿ ಕೊನೆಗೆ ಕೂತ. ಬಲಗೈ ಸ್ಟೇರಿಂಗ್ ಹಿಡಿಯಿತು. ಬಲಗಾಲು ತಾನಾಗಿ ಇಲ್ಲದ ಬ್ರೇಕ್ ಒತ್ತಿತು. ಎಡಗೈ ಮಾತ್ರ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. "ಗೇರ್ ಎಲ್ಲೈತಿ?" ಎಂದು ಬಲಗಡೆಯೇ ತಡಕಾಡಿದ. ಹನ್ನೊಂದು ವರ್ಷ ದಿನಕ್ಕೆ ನೂರಾರು ಸಲ ಹಾಕಿದ ಗೇರ್ ಅದು. ಕರೆಮ್ಮ ಆ ಕೈ ಎತ್ತಿ ಬಡಿಗೆಯ ಮೇಲಿಟ್ಟಳು. ಅವನ ಹಣೆ ಬೆವೆತಿತ್ತು.

"ಮಸ್ಕಿ ಬಿಟ್ಟಿವಿ," ಎಂದಳು ಅವಳು. "ಹಳ್ಳ ಬಂತು. ಗಿಡ ಬಂತು. ಆಮ್ಯಾಲ... ಸಿಂಧನೂರು ಬಂತು."

"ಥೂ, ಅಷ್ಟೂ ರಸ್ತಾ ನುಂಗಿಬಿಟ್ಟೆಲ್ಲ! ನಡುವಿನ ಊರೆಲ್ಲ ಎಲ್ಲಿ ಹೋದ್ವು? ಎಲ್ಲಿ ತಿರುವು, ಎಲ್ಲಿ ಮೋರಿ, ಏನೂ ತಿಳೀದ ನೀ ಏನ್ ಹೇಳತಿ?" ಅವನು ಎದ್ದುಹೋದ.

ಅವನ ಮಾತು ನಿಜವಾಗಿತ್ತು. ಆ ರಸ್ತೆಯಲ್ಲಿ ಕರೆಮ್ಮ ಎಷ್ಟೋ ಸಲ ಹೋಗಿದ್ದಳು, ಆದರೆ ಗದ್ದಲದಲ್ಲಿ ಬಸ್ಸಿನ ನೆಲಕ್ಕೆ ಕೂತು, ಹೊರಗೇನೂ ಕಾಣದಂತೆ. ಮರುದಿನ ಕೂಲಿ ಬಿಟ್ಟು ಸಿಂಧನೂರಿನ ಬಸ್ಸು ಹತ್ತಿದಳು. ಎಡಗಡೆಯ ಕಿಟಕಿಗೇ ಕೂತಳು. ಜೋಡಿ ಬೇವಿನ ಗಿಡ, ಮುರಿದ ಮೋರಿ, ಜಾಲಿಯ ನೆರಳಲ್ಲಿ ಬಸ್ಸಿಗೆ ಕೈ ಮಾಡುವ ಜನ, ಒಣ ಹೊಲ ಮುಗಿದು ಕಾಲುವೆ ಬಂದ ಜಾಗ, ಗದ್ದೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಮಣ್ಣು ಹಾದಿ. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ನಾಟಿ ಹಾಕುವಾಗ ಹಾಡುವ ಧಾಟಿಯಲ್ಲಿ ಒಂದೊಂದನ್ನೂ ಸಾಲಾಗಿ ಬಾಯಲ್ಲಿ ಕೂರಿಸಿಕೊಂಡಳು. ಸಾಲದೆಂದು ಮತ್ತೆರಡು ಸಲ ಹೋಗಿಬಂದಳು.

ಮೂರನೆಯ ಸಲ ಹೋಗಿಬಂದ ಸಂಜೆ ಅವನನ್ನು ಮತ್ತೆ ಕೂರಿಸಿ, ಪೆಟ್ಟಿಗೆಯ ಎಡಗಡೆ ನಿಂತು ಶುರುಮಾಡಿದಳು. "ಜೋಡಿ ಬೇವಿನ ಗಿಡ ಬಂತು, ಎಡಕ್ಕ ನೋಡ್ರಿ. ಕೆಂಪ ಅರಿವಿ ಕಾಣೋತನಾ ಹೊಳ್ಳಿ ನೋಡ್ರಿ. ಮೋರಿ ಮುರದೈತಿ, ಮೆಲ್ಲಕ. ಜಾಲಿ ಬುಡಕ ಮುದುಕಿ ಕೈ ಮಾಡಾಕತ್ಯಾಳ."

ಮುದುಕಿಯ ವೇಷಕ್ಕೆ ಅತ್ತೆಯೇ ಇದ್ದಳು. ಮೊದಮೊದಲು ಗೊಣಗುತ್ತಿದ್ದ ಮುದುಕಮ್ಮ ಆಮೇಲೆ ಉತ್ಸಾಹದಿಂದ ಎಡಗಡೆಯಿಂದ ಕೋಲು ಊರಿಕೊಂಡು ಬಂದು, "ನಿಂದ್ರಸಪ್ಪಾ ಡ್ರೈವರಾ!" ಎಂದು ಕೂಗುತ್ತಿದ್ದಳು. ಅವಳನ್ನು ನೋಡದೆ ಅವನು ಮುಂದೆ ಹೋದರೆ, "ಸಾಯಿಸಿದಿ ನನ್ನ" ಎಂದು ಬೈಯುತ್ತಿದ್ದಳು. ಮೊದಲ ವಾರ ದಿನಕ್ಕೆ ಹತ್ತು ಸಲ ಸತ್ತಳು. ದುರುಗಪ್ಪ ಸ್ಟೇರಿಂಗ್ ಗುದ್ದಿ ಎದ್ದುಹೋಗುತ್ತಿದ್ದ, ಅರ್ಧ ಗಂಟೆಗೆ ತಾನೇ ತಿರುಗಿ ಬರುತ್ತಿದ್ದ. ಅವನಿಗೆ ಹೋಗಲು ಬೇರೆ ರಸ್ತೆ ಇರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಎಡಗೈ ತಾನಾಗಿ ಬಡಿಗೆ ಹುಡುಕತೊಡಗಿತು. ಊಟಕ್ಕೆ ಕೂತಾಗ ಅವನೇ ತಟ್ಟೆ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಜೋಳದ ಸುಗ್ಗಿಯ ಹೊತ್ತಿಗೆ ಮುದುಕಮ್ಮ ವಾರಕ್ಕೊಮ್ಮೆ ಸತ್ತರೆ ಹೆಚ್ಚು.

ಗೆದ್ದೆ ಎಂದುಕೊಂಡ ದುರುಗಪ್ಪ ಅಮರಗುಂಡಪ್ಪನ ಅಂಗಡಿಗೆ ಹೋಗಿ ಗಾಡಿ ಕೇಳಿದ. ಸಾಹುಕಾರ ಅವನನ್ನು ಕೂರಿಸಿ ಚಹಾ ತರಿಸಿದ.

"ಸಿಟ್ಟಾಗಬ್ಯಾಡ, ದುರುಗಪ್ಪ. ಅದರಾಗ ಜನ ಕುಂದರ್ತಾರ, ಚೀಲ ಅಲ್ಲ. ನಿನಗೊಂದು ಆತಂದ್ರ ನಾ ಹ್ಯಾಂಗ ಮಾರಿ ತೋರಸ್ಲಿ?"

ದುರುಗಪ್ಪ ಚಹಾ ಮುಟ್ಟದೆ ಎದ್ದು ಬಂದ. ನಾಲ್ಕು ದಿನ ಮತ್ತೆ ಬಾಗಿಲಿಗೂ ಬೇವಿನ ಗಿಡಕ್ಕೂ ಓಡಾಡಿದ.

ಐದನೆಯ ದಿನ ಬೆಳಿಗ್ಗೆ ಕರೆಮ್ಮ ನೀರು ತರುತ್ತಿದ್ದಾಗ ಖಾದರಬಾಷಾ ಯಾರದೋ ರಾಜದೂತ್ ಬೈಕಿನಲ್ಲಿ ಬಂದು ಗಕ್ಕನೆ ನಿಂತ. "ಅಕ್ಕ, ಚಹಾ ಕುಡ್ಯಾಕ ಇಳದಿದ್ದೆ. ಕೀಲಿ ಅದರಾಗ ಇತ್ತು. ಉಸ್ತಾದ ಖಾಲಿ ಗಾಡಿ ತಗೊಂಡು ಲಿಂಗಸುಗೂರು ಕಡೆ ಹೋಗ್ಯಾನ."

ಕೊಡ ಅಲ್ಲೇ ಕೆಳಗಿಟ್ಟು ಅವಳು ಬೈಕ್ ಹತ್ತಿದಳು. ಹಿಂದೆ ಕೂತು ಎಡಗಡೆಯ ತಗ್ಗನ್ನೇ ನೋಡುತ್ತ ಹೋದಳು. ಪ್ರತಿ ಮೋರಿಯ ಕೆಳಗೆ ನೀಲಿ ಬಣ್ಣ ಕಾಣುತ್ತದೇನೋ ಎಂದು ಜೀವ ಹಾರುತ್ತಿತ್ತು. "ಜೋರ ಹೊಡಿ, ಜೋರ ಹೊಡಿ" ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದಳು. ಎದುರಿಗೆ ಬಂದ ಲಾರಿಯವನನ್ನು ಕೇಳಿದರೆ, "ಲಕ್ಷ್ಯ ಕೊಟ್ಟಿಲ್ಲ" ಎಂದ. ಅದು ಸಮಾಧಾನವೋ ಗಾಬರಿಯೋ ಅವಳಿಗೆ ತಿಳಿಯಲಿಲ್ಲ.

ಸಂತೆಕಲ್ಲೂರು ಇನ್ನೂ ಒಂದು ಮೈಲಿ ಇರುವಾಗ ಮೆಟಡೋರ್ ಕಾಣಿಸಿತು. ರಸ್ತೆಯಲ್ಲೇ ನಿಂತಿತ್ತು, ಎಂಜಿನ್ ಬಂದಾಗಿತ್ತು. ಅದರ ಎಡಗಡೆಯಿಂದ ಕುರಿಹಿಂಡು ಹೊಲಕ್ಕೆ ಇಳಿಯುತ್ತಿತ್ತು. ದುರುಗಪ್ಪ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕೂತಿದ್ದ.

"ಏನ್ ಮಾಡೀದಿ ನೀ?" ಕರೆಮ್ಮ ಬಾಗಿಲು ಹಿಡಿದು ಕಿರುಚಿದಳು. ಅವಳ ಬಾಯಲ್ಲಿ ಯಾವತ್ತಿನ 'ರೀ' ಬರಲಿಲ್ಲ. "ಯಾರಿಗೇನ್ ಮಾಡೀದಿ?"

"ಯಾರಿಗೂ ಏನೂ ಆಗಿಲ್ಲ," ಎಂದ ಅವನು. "ಗಂಟಿ ಸಪ್ಪಳ ಕೇಳಿಸ್ತು, ಕುರಿ ಕಾಣಲಿಲ್ಲ. ಸಪ್ಪಳ ಐತಿ, ಕುರಿ ಇಲ್ಲ ಅಂದ್ರ ಅವು ಎಡಕ್ಕ ಅದಾವಂತ ಅನಿಸ್ತು. ಬ್ರೇಕ್ ಹಾಕಿದೆ. ಆಮ್ಯಾಲ ಹೊಳ್ಳಿ ನೋಡಿದೆ." ಅವನು ಎಡಕ್ಕೆ ಹೊರಳಿ ಗಾಲಿಯ ಕಡೆ ಕೈ ತೋರಿಸಿದ. "ಒಬ್ಬಾಕಿ ಕುರಿಮರಿ ಎತಗೊಂಡು ಗಾಲಿ ಹಂತ್ಯಾಕ ನಿಂತಿದ್ಲು. ಗೇಣು ಜಾಗ ಇತ್ತು ನೋಡು, ಗೇಣು."

ಕುರಿಗಾರ ಹೆಂಗಸು ಆಗಲೇ ಬೈಯುತ್ತ ಹೊಲದಲ್ಲಿ ದೂರ ಹೋಗಿದ್ದಳು.

"ಅಂಗಳದಾಗ ನೀ ಹೇಳತಿದ್ದಿ, ನಾ ನೋಡತಿದ್ದೆ," ಎಂದ ದುರುಗಪ್ಪ. "ಇಲ್ಲಿ ಹೇಳೋರು ಯಾರೂ ಇದ್ದಿಲ್ಲ."

ಅವನೇ ಕೆಳಗಿಳಿದು ಕೀಲಿಯನ್ನು ಖಾದರಬಾಷಾನ ಕೈಗೆ ಕೊಟ್ಟ. ಕರೆಮ್ಮ ರಸ್ತೆಯ ಬದಿ ಕೂತುಬಿಟ್ಟಳು.

ಆಮೇಲೆ ಅವನು ಪೆಟ್ಟಿಗೆಯ ಮೇಲೆ ಕೂರಲಿಲ್ಲ. ಕರೆಮ್ಮ ಸಂಜೆಯಾದರೆ ಅಂಗಳಕ್ಕೆ ಬಂದು, ಏನೂ ಮಾಡಲು ತೋಚದೆ ಒಳಗೆ ಹೋಗುತ್ತಿದ್ದಳು. ಎಂಟು ತಿಂಗಳ ದುಡಿಮೆ ನೀರುಪಾಲಾಯಿತು ಅನಿಸುತ್ತಿತ್ತು. ಅದೇ ಸಂಕಟದಲ್ಲಿ ಅವನನ್ನು ಮತ್ತೆ ಬಳ್ಳಾರಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಗಡಿಯಾರ ಬರೆಸಿದರು. ಈ ಸಲ ಅಂಕಿಗಳು ಕೆಳಗಿನಿಂದ ಎಡಕ್ಕೆ ಹೊರಳಿ ಒಂಬತ್ತರವರೆಗೆ ಏರಿದ್ದವು. ಹತ್ತು, ಹನ್ನೊಂದು ಮಾತ್ರ ಗೆರೆಯ ಹೊರಗೆ ಬಿದ್ದಿದ್ದವು. ಸಂತೆಕಲ್ಲೂರಿನ ಕಥೆ ಕೇಳಿ ಅವರು ಆ ಹಾಳೆಯನ್ನು ಇನ್ನೊಮ್ಮೆ ನೋಡಿದರು.

"ಗಾಡಿ ಇನ್ನು ಬೇಡವೇ ಬೇಡ," ಎಂದರು. "ಆದರೆ ಕಾಣದೇ ಇದ್ದದ್ದು ಎಡಗಡೆ ಇದೆ ಅಂತ ಅವರಿಗೆ ಹೊಳೀತಲ್ಲಮ್ಮ, ಅದು ಸಣ್ಣದಲ್ಲ. ಬಿಡಬೇಡಿ. ಈಗ ನಡೆಯೋದು ಕಲಿಸಿ."

ಅಮರಗುಂಡಪ್ಪ ಸಿಟ್ಟು ಸಾಧಿಸಲಿಲ್ಲ. ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಖಾಸಗಿ ಗಾಡಿಗಳು ಆರೇಳಾಗಿದ್ದವು, ಪಾಳಿಗಾಗಿ ದಿನಾ ಜಗಳ. ಯಾವ ಗಾಡಿ ಯಾವಾಗ ಬಿಡಬೇಕು ಅನ್ನುವುದನ್ನು ನೋಡಿಕೊಂಡು, ಊರುಗಳ ಹೆಸರು ಕೂಗಿ ಜನ ಹತ್ತಿಸುವ ಕೆಲಸವನ್ನು ದುರುಗಪ್ಪನಿಗೆ ವಹಿಸಿದ. ಮೊದಲ ತಿಂಗಳು ಕರೆಮ್ಮ ಅವನ ಎಡಕ್ಕೆ ನಡೆದು ಸ್ಟ್ಯಾಂಡಿಗೆ ಬಿಟ್ಟುಬರುತ್ತಿದ್ದಳು. ಆಮೇಲೆ ಹತ್ತು ಹೆಜ್ಜೆ ಹಿಂದೆ. ಆಮೇಲೆ ಅವನೇ ಬೇಡವೆಂದ.

ಅವಳು ಮತ್ತೆ ಕೂಲಿಗೆ ಹೊರಟಳು. ವಳಕಮದಿನ್ನಿಯ ಕಡೆ ನಾಟಿಗೆ ಹೋದಾಗ ರಸ್ತೆಯಲ್ಲಿ ಹಾರ್ನ್ ಜೋರಾಗಿ ಕೇಳಿದರೆ ಕೆಸರಿನಲ್ಲಿ ನೆಟ್ಟಗಾಗಿ ನಿಂತುಬಿಡುತ್ತಿದ್ದಳು. ಜೊತೆಯ ಹೆಂಗಸರು ನಗುತ್ತಿದ್ದರು.

೧೯೯೩ರ ಜೂನ್‌ನಲ್ಲಿ ಹಿರಿಯ ಮಗಳನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿಸಲು ತಂದೆಯ ಸಹಿ ಬೇಕಾಯಿತು. "ನಾನ ಒಬ್ನ ಹೋಗ್ತೀನಿ," ಎಂದ ದುರುಗಪ್ಪ. ಕರೆಮ್ಮ ಹೂಂ ಅಂದಳು. ಅವನ ಬಸ್ಸು ಹೊರಟ ಮೇಲೆ ಅಡುಗೆ ಹತ್ತಲಿಲ್ಲ, ಕೆಲಸ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ಟ್ಯಾಂಡಿಗೆ ಬಂದು ಬಾಳೆಹಣ್ಣಿನ ಬಂಡಿಯ ಮರೆಯಲ್ಲಿ ನಿಂತಳು. ಒಂದು ಬಸ್ಸು ಬಂತು, ಅವನಿಲ್ಲ. ಇನ್ನೊಂದು ಬಂತು, ಅವನಿಲ್ಲ. ಮೂರನೆಯದರಿಂದ ದುರುಗಪ್ಪ ಇಳಿದ. ಬಾಗಿಲ ಸರಳಿಗೆ ಎಡಭುಜ ಬಡಿಸಿಕೊಂಡು, ಕೆಳಗೆ ನಿಂತು, ತಲೆ ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ರಸ್ತೆ ದಾಟಿ ಬಂದ. ಹಾಗೆ ನೋಡಿದ್ದರಿಂದಲೇ ಅವಳು ಕಣ್ಣಿಗೆ ಬಿದ್ದಳು.

"ಇಲ್ಲಿ ಯಾಕ್ ನಿಂತೀದಿ ಬೇ?"

"ಬಾಳಿಹಣ್ಣು ತಗೊಳ್ಳಾಕ ಬಂದೀನ್ರಿ."

"ಎಲ್ಲಿ ಹಣ್ಣು?"

ಅವಳ ಕೈ ಖಾಲಿ ಇತ್ತು. "ಈಗ ತಗೋತೀನ್ರಿ," ಎಂದು ಬಂಡಿಯ ಕಡೆ ತಿರುಗಿದಳು.