ಜರಡಿಗೆ ಸಿಗದ ಅಕ್ಷರ

ದೊಡ್ಡನೆಕ್ಕುಂದಿಯ ನಮ್ಮ ಪ್ರಯೋಗಾಲಯದ ಮೇಲಧಿಕಾರಿಯನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆತ ಕೆಟ್ಟವನಲ್ಲ ಎನ್ನುವವರಿದ್ದಾರೆ. ಅನ್ನಲಿ, ಅವರು ಆತನ ಕೈಕೆಳಗೆ ದುಡಿದವರಲ್ಲ.

ನಮ್ಮ ಕೆಲಸ ಇಲಿಮರಿಗಳ ಮಿದುಳಿನದು. ಡಿಎನ್‌ಎಯಲ್ಲಿ ಬರೆದದ್ದು ಆರ್‌ಎನ್‌ಎ ಎಂಬ ನಕಲಾಗಿ ಹೊರಬರುತ್ತದೆ. ಮಿದುಳಿನ ಜೀವಕೋಶ ಆ ನಕಲಿನಲ್ಲಿ ಅಲ್ಲಲ್ಲಿ ಒಂದು ಅಕ್ಷರ ಬದಲಿಸುತ್ತದೆ, ಅಚ್ಚಾದ ಮದುವೆ ಪತ್ರಿಕೆಯಲ್ಲಿ ಪೆನ್ನಿನಿಂದ ಮುಹೂರ್ತ ತಿದ್ದುವ ಹಾಗೆ. ಒಂದು ನರಕೋಶದ ಸುದ್ದಿಯನ್ನು ಇನ್ನೊಂದು ಹಿಡಿಯುವ ಗ್ರಾಹಿಗಳ ಗುಣ ಇದರಿಂದ ಬದಲಾಗುತ್ತದೆ. ಮರಿ ಬೆಳೆದಂತೆ ಈ ತಿದ್ದುಪಡಿ ಹೆಚ್ಚುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ಹೆಚ್ಚಿದ್ದರೆ ಕೆಲಸ ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ನಾನು ಸಾಕಿದ ಇಲಿಗಳನ್ನೆಲ್ಲ ಕೊಲ್ಲಬೇಕಿತ್ತು. ಪ್ರಯೋಗಕ್ಕೆಂದು ನಾನೂ ಕೊಂದಿದ್ದೇನೆ. ಸುಮ್ಮನೆ ಕೊಲ್ಲುವುದು ಬೇರೆ.

ವ್ಯತ್ಯಾಸವೇ ಇಲ್ಲ ಎಂದು ಫಲಿತಾಂಶ ಬಂತು. ನಾನು ನಂಬಲಿಲ್ಲ. ಹುಟ್ಟುವ ಮೊದಲೇ ತಿದ್ದಿರಬೇಕಾದ ಗ್ಲುಟಮೇಟ್ ಎಂಬ ರಾಸಾಯನಿಕ ಹಿಡಿಯುವ ಗ್ರಾಹಿಯ ಅಕ್ಷರವೊಂದಿದೆ, ಅದನ್ನೂ ತಿದ್ದಿಲ್ಲ ಎಂದಿತ್ತು ಫಲಿತಾಂಶ. ಅದನ್ನು ತಿದ್ದದೆ ಹೋದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ, ಮರಿ ಫಿಟ್ಸ್ ಬಂದು ಕೆಲವೇ ವಾರಗಳಲ್ಲಿ ಸಾಯುತ್ತದೆ. ಕೆದಕಿದಾಗ, ಮೇಲಧಿಕಾರಿ ಹಳೆಯ ಕೆಲಸದಿಂದ ಹೊತ್ತು ತಂದ ಕಂಪ್ಯೂಟರ್ ಜರಡಿ ಬಯಲಾಯಿತು. ಡಿಎನ್‌ಎಗೆ ಹೊಂದದ ಅಕ್ಷರವೆಲ್ಲ ಅದನ್ನು ಓದುವ ಯಂತ್ರದ ತಪ್ಪೆಂದು ಅದು ಸೋಸಿ ಎಸೆಯುತ್ತಿತ್ತು. ನಾವು ಹುಡುಕುತ್ತಿದ್ದದ್ದೇ ಆ ಅಕ್ಷರಗಳನ್ನು! ಎಸೆದದ್ದನ್ನು ಜಾಗ ಸಾಲದೆಂದು ಅಳಿಸಿಯೂ ಆಗಿತ್ತು.

ಇಲಿಗಳಿವೆಯಲ್ಲ, ಜರಡಿ ಬಿಟ್ಟು ಮತ್ತೊಮ್ಮೆ ಪರೀಕ್ಷಿಸೋಣ ಎಂದೆ. ಆತ ನನ್ನ ಮುಖ ನೋಡದೆ ಕಾಫಿ ಕುಡಿದ. ದೊಡ್ಡ ಮೀಟಿಂಗಿನಲ್ಲಿ ಆ ಜರಡಿಯ ಬಗ್ಗೆ ಕೊಚ್ಚಿಕೊಂಡಾಗಿತ್ತು, ಈಗ ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದಲ್ಲ. ಬಿಡದೆ ಇಲಿಕೋಣೆಗೆ ಕರೆದೊಯ್ದೆ. ಬೆಳೆದ ಮರಿಗಳು ಒಂದರ ಮೇಲೊಂದು ಹತ್ತಿ ತಿನಿಸು ಕಡಿಯುತ್ತಿದ್ದವು.

“ನಿಮ್ ರಿಪೋರ್ಟ್ ಪ್ರಕಾರ ಇವು ಬದುಕಿರೋ ಹಾಗೇ ಇಲ್ಲ ಸಾರ್.”

“ರಿಪೋರ್ಟ್ ಹೋಗಾಯ್ತಮ್ಮ. ಇನ್ನು ಇವುನ್ನ ಇಟ್ಕೊಂಡು ಏನ್ ಮಾಡ್ತೀಯಾ?”

ಶುಕ್ರವಾರದೊಳಗೆ ಕೋಣೆ ಖಾಲಿಯಾಗಬೇಕೆಂದು ಆದೇಶ ಬಂತು. ಸಾಕಿದವರೇ ಮುಗಿಸಬೇಕೆಂಬುದು ನಮ್ಮಲ್ಲಿನ ಪದ್ಧತಿ. ಒಂದೊಂದೇ ಪಂಜರದ ಇಲಿಗಳನ್ನು ಅನಿಲದ ಪೆಟ್ಟಿಗೆಯಲ್ಲಿಟ್ಟೆ. ಆತ ಬಾಗಿಲಲ್ಲಿ ನಿಂತು, ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ನಾನು ಮುಂದಿನ ಪಂಜರ ಎತ್ತಿಕೊಂಡೆ. ಕೊನೆಯ ಪಂಜರದವೂ ಅಲುಗಾಡುವುದನ್ನು ನಿಲ್ಲಿಸಿದವು. ಮಿದುಳು ತೆಗೆದಿಡಲೂ ಬಿಡದೆ ಆತ ಎಲ್ಲವನ್ನೂ ಸುಡಲು ಕಳಿಸಿದ. ಆತನ ರಿಪೋರ್ಟು ಸುಳ್ಳೆಂದು ತೋರಿಸಲು ಆಮೇಲೆ ನನ್ನ ಬಳಿ ಒಂದು ಜೀವವೂ ಉಳಿದಿರಲಿಲ್ಲ.